ಸೊನ್ನೆಗೆ ತೆರೆದ ಖೋಲಿ

ಮೂರು ಸಾಲು ಇಂಗ್ಲಿಷು ಬರೆಯಲಿಕ್ಕೆ ಬಂತು, ಬಾಯಿ ತೆರೆದು ಮೂರು ಮಾತು ಆಡಲಿಕ್ಕೆ ಬರಲಿಲ್ಲ ಆ ಮಹಾಶಯನಿಗೆ. ಕಾರಖಾನೆಯ ಇಂಜಿನಿಯರು ಅಭಿಲಾಷನ ಮೇಲೆ ಗೂಳಪ್ಪನಿಗಿರುವ ಸಿಟ್ಟು ಇಷ್ಟೇ, ಮತ್ತು ಅದು ಇವತ್ತಿಗೂ ಇಳಿದಿಲ್ಲ. ಇಬ್ಬರಿಗೂ ಒಂದೇ ಮೇಜು. ಒಬ್ಬನ ಮೊಳಕೈ ಇನ್ನೊಬ್ಬನಿಗೆ ತಾಗುವಷ್ಟು ಹತ್ತಿರ ಕುರ್ಚಿ. "ಗೂಳಪ್ಪ ಅವ್ರೇ, ಈ ಒಂದು ಸಾಲು ಮಾತ್ರ ಮುಟ್ಟಬೇಡಿ" ಎಂದು ಚಹಾ ಹೀರುತ್ತ ಹೇಳಿದ್ದರೆ ಅವನ ಹಲ್ಲು ಉದುರುತ್ತಿದ್ದವೇ? ಹೇಳಲಿಲ್ಲ. ಪ್ರೋಗ್ರಾಮಿನ ಫೈಲಿನೊಳಗೆ ಇಂಗ್ಲಿಷಿನಲ್ಲಿ ಬರೆದಿಟ್ಟು ಕೈ ತೊಳೆದುಕೊಂಡ. ಏಳನೇತ್ತೆ ಓದಿದವನು ತಾನೇ ಓದಿಕೊಳ್ಳಲಿ ಎಂದು.

ಗೂಳಪ್ಪ ಇಂಡಿ ತಾಲೂಕಿನವನು. ಏಳನೇತ್ತೆಯಲ್ಲಿ ಮಾಸ್ತರರ ಕೈಯೊಳಗಿನ ಛಡಿ ಕಸಿದು ಮುರಿದು ಹಾಕಿದ ದಿವಸವೇ ಅವನ ಸಾಲಿ ಮುಗಿಯಿತು. ಪುಣೆಗೆ ಬಂದು ಬುಧವಾರ ಪೇಟೆಯ ಒಂದು ಅಂಗಡಿಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಕಲಿತ, ಆಮೇಲೆ ಟಿವಿ, ಆಮೇಲೆ ಮೋಟಾರಿನ ಬೋರ್ಡುಗಳು. ಈಗ ಐವತ್ತೊಂದು ವಯಸ್ಸು. ಪುಣೆಯ ಅಂಚಿನ ನರ್ಹೆಯಲ್ಲಿ ಕಾರ್ಡು ತೋರಿಸಿದರೆ ತೆರೆಯುವ ಬಾಗಿಲ ಕೀಲಿ ತಯಾರಿಸುವ ಸಣ್ಣ ಕಾರಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾನೆ. ಮಾಲಕರು ಬದಲಾದರು, ಇಂಜಿನಿಯರುಗಳು ಬಂದರು, ಹೋದರು, ಗೂಳಪ್ಪ ಉಳಿದ. ಪ್ರೋಗ್ರಾಮು ಬರೆಯುವ ಸಿ ಭಾಷೆಯನ್ನು ಯಾರೂ ಅವನಿಗೆ ಕಲಿಸಲಿಲ್ಲ. ಪರರ ಹೆಗಲ ಮೇಲಿಂದ ನೋಡಿ ನೋಡಿ ಕಲಿತ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುವ ಹಾಗೆ ಪ್ರೋಗ್ರಾಮು ಓದುತ್ತಾನೆ. ಇಂಗ್ಲಿಷ್ ಮಾತ್ರ ಬಾರದು. ಅದನ್ನು ಯಾರಾದರೂ ಎತ್ತಿ ಆಡಿದರೆ ಕೈಗೆ ಸಿಕ್ಕಿದ್ದು ಹಾರುತ್ತದೆ. ಒಂದು ಸಲ ಬೆಸುಗೆಯ ಕಾದ ಸೋಲ್ಡರ್ ಕಡ್ಡಿಯೇ ಹಾರಿತ್ತು.

ಈ ಕೀಲಿಯ ಗುಟ್ಟು ಇರುವುದು ದೊಡ್ಡ ಸಂಖ್ಯೆಯಲ್ಲಿ. ಪ್ರತಿ ಕಾರ್ಡಿನಲ್ಲಿ ಆರುನೂರು ಅಂಕಿಗಿಂತ ಉದ್ದದ ಒಂದು ಸಂಖ್ಯೆ ಇರುತ್ತದೆ, ಅದು ಕಾರ್ಡಿನ ಸಹಿ. ಕೀಲಿ ಅದನ್ನು ಗುಣಿಸಿ, ಭಾಗಿಸಿ, ಉಳಿದ ಶೇಷವನ್ನು ಕಾರ್ಡಿನ ನಂಬರಿಗೆ ತಾಳೆ ಹಾಕಿ, ಸರಿ ಬಂದರೆ ಬಾಗಿಲು ಬಿಡುತ್ತದೆ. ಅಷ್ಟು ಉದ್ದದ ಸಂಖ್ಯೆ ಕೀಲಿಯೊಳಗಿನ ಸಣ್ಣ ಎಲೆಕ್ಟ್ರಾನಿಕ್ ಚಿಪ್ಪಿನ ಬಾಯಿಗೆ ಒಂದೇ ತುತ್ತಿಗೆ ಹಿಡಿಯುವುದಿಲ್ಲ. ಅದಕ್ಕೆ ತುಂಡು ತುಂಡು ಮಾಡಿ ಲೆಕ್ಕ ಮಾಡುವ ಒಂದು ಲೈಬ್ರರಿ, ಸಿದ್ಧ ಪ್ರೋಗ್ರಾಮುಗಳ ಕಟ್ಟು, ಉಂಟು. ಅದರ ಜೊತೆಗೆ ಒಂದು ಪಟ್ಟಿ: ಕೂಡಿಸುವುದು ಒಂದು ಸಾಲು, ಕಳೆಯುವುದು ಒಂದು ಸಾಲು, ವರ್ಗ ಮಾಡುವುದು, ಶೇಷ ತೆಗೆಯುವುದು, ಸಂಖ್ಯೆಯನ್ನು ಅಕ್ಷರದಲ್ಲಿ ತೋರಿಸುವುದು, ಹೀಗೆ ನೂರಾ ಇಪ್ಪತ್ತು ಚಿಲ್ಲರೆ ಸಾಲು. ಯಾವುದು ಬೇಡವೋ ಆ ಸಾಲಿನ ಮುಂದೆ ಎರಡು ಓರೆ ಗೆರೆ ಹಾಕಿ ಕಂಪೈಲ್ ಮಾಡಿದರೆ, ಚಿಪ್ಪಿನ ಭಾಷೆಗೆ ಇಳಿಸಿದರೆ, ಆ ಕೆಲಸ ಚಿಪ್ಪಿನೊಳಗೆ ಹುಟ್ಟುವುದೇ ಇಲ್ಲ. ಸತ್ತು ಹೋಗುವುದಲ್ಲ, ಹುಟ್ಟುವುದೇ ಇಲ್ಲ. ಚಿಪ್ಪನ್ನು ಒಡೆದು ನೋಡಿದರೂ ಒಂದು ಕಾಲಕ್ಕೆ ಅದಿತ್ತು ಎಂಬ ಗುರುತು ಸಿಗದು. ಆ ಗೆರೆ ಹಾಕುವ ಕೆಲಸ ಗೂಳಪ್ಪನದು. ಅದರಲ್ಲಿ ಅವನಿಗೆ ಬಲು ಹೆಮ್ಮೆ. ಇಂಜಿನಿಯರುಗಳು ಎಂಬತ್ತು ಪಾಲು ಜಾಗದಲ್ಲಿ ಹಿಡಿಸಿದ್ದನ್ನು ಅವನು ಐವತ್ತರಲ್ಲಿ ಹಿಡಿಸುತ್ತಿದ್ದ.

ಜೇಜುರಿಯ ಕೆಲಸ ಬಂದದ್ದು ಹೋದ ವರ್ಷ. ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರದ ಮಲಕಪ್ಪ ಸಾವಕಾರರು ಕರ್ನಾಟಕದಿಂದ ಖಂಡೋಬಾನ, ಅಂದರೆ ಮೈಲಾರಲಿಂಗನ, ದರ್ಶನಕ್ಕೆ ಬರುವವರಿಗೆಂದು ಅಲ್ಲಿ ಒಂದು ಲಾಜು ಕಟ್ಟಿಸಿದ್ದರು. ನಲವತ್ತೆರಡು ಖೋಲಿ. ಎಲ್ಲದಕ್ಕೂ ಕಾರ್ಡಿನ ಕೀಲಿ ಹಾಕಿ ಮುಗಿದ ಮೇಲೆ ಸಾವಕಾರರು ಗೂಳಪ್ಪನ ಹೆಗಲ ಮೇಲೆ ಕೈ ಹಾಕಿದರು.

"ಗೂಳಪ್ಪ, ಕೀಲಿ ತೆರೆದಾಗ ಇದು ಟುಂಯ್ ಅಂತದಲ್ಲೋ, ಇಲಿ ಸಿಕ್ಕೊಂಡಂಗ. ಇಲ್ಲಿ ಬರಾವ್ರು ಮೈಲಾರಲಿಂಗನ ಒಕ್ಕಲು. ಬಾಗಿಲ ತೆರೀತಂದ್ರ ಏಳುಕೋಟಿ ಅನಬೇಕು. ಆಗ್ತದೋ ಇಲ್ಲೋ?"

"ಆಗದ ಏನ್ರಿ ಸಾವ್ಕಾರ್ರ. ಆದ್ರ ಯಾರ ದನಿ? ನಿಮ್ಮದು ಹಾಕಿದ್ರ ಮಂದಿ ಖೋಲಿ ಬಿಟ್ಟು ಓಡ್ತಾರ."

"ನಿಂದು ಹಾಕಿದ್ರ ಊರು ಬಿಟ್ಟು ಓಡ್ತಾರ. ಶಿವಗಂಗವ್ವನ್ನ ಕರಿ."

ಶಿವಗಂಗವ್ವ ಲಾಜಿನ ಎರಡನೇ ಮಾಳಿಗೆಯ ಖೋಲಿಗಳನ್ನು ಗುಡಿಸಿ ಒರೆಸುವವಳು. ರಾಣೇಬೆನ್ನೂರ ಕಡೆಯವಳು, ಅರವತ್ತರ ಹತ್ತಿರ. ಗಂಡ ಸತ್ತ ಮೇಲೆ ಮಗಳ ಜೊತೆ ಹತ್ತಿರದ ಸಾಸವಡಕ್ಕೆ ಬಂದು ನಿಂತಿದ್ದಳು. ಮೈ ಕಡ್ಡಿ, ದನಿ ಮಾತ್ರ ಕಂಚು. ಕೆಳಗಿನ ಅಂಗಳದಲ್ಲಿ ನಿಂತು ಅವಳು ಏಳುಕೋಟಿ ಎಂದು ದೇವರಿಗೆ ಜಯಘೋಷ ಹಾಕಿದರೆ ಮೂರನೇ ಮಾಳಿಗೆಯಲ್ಲಿ ಮಲಗಿದವರು ಎದ್ದು ಕೈ ಮುಗಿಯುತ್ತಿದ್ದರು. ಅವಳ ಮಾಳಿಗೆಯ ಒಂಬತ್ತನೇ ಖೋಲಿಯ ಕದ ಹಾಕಿಕೊಂಡು ಗೂಳಪ್ಪ ತನ್ನ ಮೊಬೈಲಿನಲ್ಲಿ ಅವಳ ದನಿ ತುಂಬಿಸಿಕೊಂಡ. ಒಂದೇ ಸಲಕ್ಕೆ ಸರಿ ಬಂತು. ಕೂಗಿ ಮುಗಿದರೂ ಖೋಲಿಯ ಗೋಡೆ ಸ್ವಲ್ಪ ಹೊತ್ತು ಗುಂಯ್ಗುಡುತ್ತಿತ್ತು.

"ಅಣ್ಣಾ, ಇನ್ನ ನಾ ಕಸಬರಿಗಿ ಇಟ್ಟು ಮನ್ಯಾಗ ಕುಂತರೂ ನಡೀತದಲ್ಲ?" ಎಂದು ಅವಳು ನಕ್ಕಳು.

"ಪೆಟಗಿ ಕೂಗ್ತದ ಅಕ್ಕಾ, ಗುಡಸೂದಿಲ್ಲ. ನಡಿ, ನಡಿ."

ದನಿ ಸಿಕ್ಕಿತು, ಜಾಗ ಸಿಗಲಿಲ್ಲ. ಚಿಪ್ಪು ಮೊದಲೇ ಭರ್ತಿ. ಗೂಳಪ್ಪ ನರ್ಹೆಯಲ್ಲಿ ಪಟ್ಟಿ ತೆರೆದು ಕೂತ. ಸಂಖ್ಯೆಯನ್ನು ಅಕ್ಷರದಲ್ಲಿ ತೋರಿಸುವ ಸಾಲಿಗೆ ಗೆರೆ ಹಾಕಿದ, ಬಾಗಿಲಿಗೆ ಅದೇಕೆ ಬೇಕು ಎಂದು. ಬೇಗ ವರ್ಗ ಮಾಡುವ ಸಾಲಿಗೆ ಗೆರೆ ಹಾಕಿದ; ಅರ್ಧ ಸೆಕೆಂಡು ತಡವಾದರೆ ದೇವರೇನು ಓಡಿ ಹೋಗುವುದಿಲ್ಲ. ಇನ್ನೂ ಒಂದು ಹಿಡಿಯಷ್ಟು ಜಾಗ ಸಾಲದು. ಕೊನೆಯಲ್ಲಿ ಒಂದು ಸಾಲು ಇತ್ತು, ಅಭಿಲಾಷ ಸೇರಿಸಿದ್ದು. ಮೇಲೆ ಮೂರು ಸಾಲು ಇಂಗ್ಲಿಷು. ಗೂಳಪ್ಪನಿಗೆ ಅದರಲ್ಲಿ ಎರಡು ಮಾತು ತಿಳಿದವು: ಝೀರೋ, ಒನ್. ಸೊನ್ನೆಯೋ ಒಂದೋ ಎಂದು ನೋಡುವ ತಪಾಸಣೆ. ಆರುನೂರು ಅಂಕಿಯ ಕಾರ್ಡು ಹಿಡಿದು ಬರುವವರ ನಡುವೆ ಸೊನ್ನೆಯ ಕಾರ್ಡು ಹಿಡಿದು ಬರುವವನು ಯಾವ ಮಗ? ಎರಡು ಓರೆ ಗೆರೆ ಎಳೆದ. ಕಂಪೈಲ್ ಆಯಿತು. ಒಂದು ತಕರಾರಿಲ್ಲ, ಒಂದು ಎಚ್ಚರಿಕೆಯಿಲ್ಲ. ದನಿ ಸರಿಯಾಗಿ ಕೂತಿತು.

ಮೇಜಿನ ಮೇಲೆ ಬೋರ್ಡಿಟ್ಟು ಕರೆಂಟು ಕೊಟ್ಟ. ಕಾರ್ಡು ಇನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಬೋರ್ಡು ತಾನಾಗಿ, ಶಿವಗಂಗವ್ವನ ಕಂಚಿನ ದನಿಯಲ್ಲಿ, ಏಳುಕೋಟಿ ಎಂದಿತು.

ಬೇರೆ ಯಾರಾಗಿದ್ದರೂ ಬೋರ್ಡು ಆರಿಸಿ ತಲೆ ಕೆರೆದುಕೊಳ್ಳುತ್ತಿದ್ದರು. ಗೂಳಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ. ಹುಟ್ಟಿದ ಕೂಡಲೇ ದೇವರ ಹೆಸರು ಹೇಳಿತು, ಇದಕ್ಕಿಂತ ಒಳ್ಳೆಯ ಶಕುನ ಯಾವುದು ಎಂದುಕೊಂಡ. ಮರುದಿನ ಅದನ್ನು ಒಯ್ದು, ನೋಡೋಣವೆಂದು ಮೊದಲು ಒಂಬತ್ತನೇ ಖೋಲಿಗೆ ಮಾತ್ರ ಹಾಕಿದ. ಹನ್ನೆರಡು ದಿವಸ ಎಲ್ಲ ಚೆನ್ನಾಗಿ ನಡೆಯಿತು. ಆ ಹನ್ನೆರಡು ದಿವಸ ಕರೆಂಟು ಒಮ್ಮೆಯೂ ಹೋಗಲಿಲ್ಲ. ಕಾರಖಾನೆಯ ಮಾಲಕರು ಖುಷಿಯಾಗಿ ಅಂಥವೇ ಇಪ್ಪತ್ತು ಬೋರ್ಡು ಮಾಡಿಸಿ, ಮನೆಬಾಗಿಲಿಗೆ ದೇವರ ಹೆಸರಿನ ಕೀಲಿ ಎಂದು ಬುಧವಾರ ಪೇಟೆಯ ಅಂಗಡಿಗೆ ಕೊಟ್ಟರು.

ಹದಿಮೂರನೇ ದಿವಸ ಮಧ್ಯಾಹ್ನ ಮಲಕಪ್ಪನವರ ಫೋನು ಬಂತು. ದನಿ ಸರಿ ಇರಲಿಲ್ಲ. "ಬಾ. ಈಗಿಂದೀಗ ಬಾ."

ಒಂಬತ್ತನೇ ಖೋಲಿಯಲ್ಲಿ ಅಥಣಿ ಕಡೆಯ ಬಾಣಂತಿ ಒಬ್ಬಳು ಇಳಿದಿದ್ದಳು. ಮನೆಯವರು ಬೆಟ್ಟ ಹತ್ತಿದ್ದರು. ಅವಳು ಕದ ಹಾಕಿಕೊಂಡು ಕೂಸಿಗೆ ಹಾಲು ಕೊಡುತ್ತ ಕೂತಾಗ ಕದದ ಹೊರಗೆ ಹೆಂಗಸಿನ ದನಿಯೊಂದು ಏಳುಕೋಟಿ ಎಂದಿತು, ಕದ ತಾನಾಗಿ ತೆರೆಯಿತು. ಹೊರಗೆ ಯಾರೂ ಇಲ್ಲ. ನೆಲದ ಮೇಲೆ ಭಂಡಾರದ ಹಳದಿ ಪುಡಿ ಮಾತ್ರ ಗಾಳಿಗೆ ಹರಿದಾಡುತ್ತಿತ್ತು. ಅವಳು ಎದ್ದು ಕದ ಹಾಕಿದಳು. ಎರಡು ನಿಮಿಷಕ್ಕೆ ಮತ್ತೆ ಅದೇ ದನಿ, ಮತ್ತೆ ಕದ ತೆರೆಯಿತು. ಮೂರನೇ ಸಲಕ್ಕೆ ಅವಳು ಕೂಸನ್ನು ಅವಚಿಕೊಂಡು ಚೀರುತ್ತ ಕೆಳಗೆ ಓಡಿ ಬಂದಿದ್ದಳು.

ಗೂಳಪ್ಪ ಹೋದಾಗ ಕೆಳಗಿನ ಹಾಲಿನಲ್ಲಿ ಮೂವತ್ತು ಮಂದಿ ಸೇರಿದ್ದರು. ಬಾಣಂತಿಯ ಅತ್ತೆ ಕೂಸಿನ ಹಣೆಗೆ ಭಂಡಾರ ಹಚ್ಚುತ್ತ ಕೂತಿದ್ದಳು.

"ನಿನ್ನ ಕೀಲಿ ಕೆಟ್ಟದಲ್ಲೋ ಗೂಳಪ್ಪ," ಎಂದರು ಮಲಕಪ್ಪ, ಎಲ್ಲರೆದುರು.

ಆ ಮಾತು ಒಂದು ಸಾಕಾಯಿತು. ಗೂಳಪ್ಪನ ಕಿವಿ ಕೆಂಪಾದವು. ಮೇಲೆ ಹೋಗಿ ಕೀಲಿಯ ದಾಖಲೆ ತೆಗೆದು ನೋಡಿದ. ಮೂರು ಸಲ ತೆರೆದಿದೆ, ಮೂರೂ ಸಲ 'ಸಹಿ ಸರಿ' ಎಂದಿದೆ. ಕಾರ್ಡಿನ ನಂಬರು ಇರಬೇಕಾದ ಜಾಗ ಖಾಲಿ. ಸಂಖ್ಯೆ ತೋರಿಸುವ ಕೆಲಸಕ್ಕೆ ಅವನೇ ಗೆರೆ ಎಳೆದಿದ್ದನಲ್ಲ. ಕೆಳಗೆ ಬಂದು ಅಬ್ಬರಿಸಿದ.

"ನನ್ನ ಕೀಲಿ ತಾನಾಗಿ ತೆರೆಯೂದಿಲ್ರಿ! ಕಾರ್ಡಿನಿಂದನ ತೆರೆದದ, ಬರಕೊಂಡದ. ಮಾಳಿಗಿ ಕಾರ್ಡು ಯಾರ ಕಡೆ ಅದ, ಅವ್ರನ್ನ ಕೇಳ್ರಿ."

ಮೂವತ್ತು ಮಂದಿಯೂ ಶಿವಗಂಗವ್ವನ ಕಡೆ ತಿರುಗಿದರು. ಅವಳ ಕೊರಳಲ್ಲಿ ಮಾಳಿಗೆಯ ಎಲ್ಲ ಖೋಲಿಗಳನ್ನು ತೆರೆಯುವ ಕಾರ್ಡು ದಾರಕ್ಕೆ ಜೋತಾಡುತ್ತಿತ್ತು.

"ನಾ ತಳಗ ಬಕೀಟು ತುಂಬಸ್ತಿದ್ನಿ ಅಣ್ಣಾ. ಮಲ್ಲಯ್ಯನ ಆಣೆ."

"ದನಿನೂ ನಿಂದ, ಕಾರ್ಡೂ ನಿಂದ. ಮತ್ತ ಯಾರು, ನನ್ನಜ್ಜಿ ಬಂದು ತೆರೆದಳೇನು?"

ಯಾರೋ ನಕ್ಕರು. ಬಾಣಂತಿಯ ಅತ್ತೆ ನಗಲಿಲ್ಲ. "ಹಸುಗೂಸಿನ ಖೋಲಿ ಮುಂದ ಮುದುಕಿಗೇನು ಕೆಲಸ?" ಎಂದು ಮೆಲ್ಲಗೆ ಕೇಳಿದಳು. ಆ ಮಾತಿನ ಒಳಗಿನ ಮಾತು ಎಲ್ಲರಿಗೂ ತಿಳಿಯಿತು. ಹತ್ತಿರ ನಿಂತಿದ್ದ ಇಬ್ಬರು ಹೆಂಗಸರು ತಮ್ಮ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಮಾಟದವಳು ಎಂಬ ಶಬ್ದ ಆಡದೆಯೂ ಆಡಿದಂತಾಯಿತು. ಶಿವಗಂಗವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಇನ್ನೊಮ್ಮೆ ತೆರೆದಳು. ಕಾರ್ಡನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಸಾಸವಡದ ಬಸ್ಸಿಗೆ ನಡೆದು ಬಿಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ವಾರದೊಳಗೆ ಮಲಕಪ್ಪನವರು ತಾವೇ ನರ್ಹೆಗೆ ಬಂದರು. "ಆಕಿ ಹೋಗಿ ಐದು ದಿನಾತು. ದನಿ ಹೋಗಿಲ್ಲ," ಎಂದರು. ಮುಂದಿಟ್ಟ ಚಹಾ ಮುಟ್ಟದೆ ಎದ್ದು ಹೋದರು.

ಗೂಳಪ್ಪ ಹೋಗಿ ಒಂಬತ್ತನೇ ಖೋಲಿಯಲ್ಲಿ ಒಬ್ಬನೇ ಕೂತ. ಮಾಳಿಗೆಯ ಕಾರ್ಡು, ಅತಿಥಿಗಳ ಕಾರ್ಡು, ಎಲ್ಲವನ್ನೂ ತರಿಸಿ ತನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಮಾಳಿಗೆಯ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿಸಿದ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕಿಟಕಿಯ ಸರಳಿನ ಮೇಲೂ ಹಳದಿ ಪುಡಿ. ಬೆಟ್ಟದಿಂದ ಡೋಲಿನ ಸದ್ದು ಇಳಿದು ಬರುತ್ತಿತ್ತು. ತಲೆಯ ಮೇಲಿನ ಫ್ಯಾನು ಗಕ್ಕನೆ ನಿಧಾನವಾಯಿತು. ನಿಂತಿತು. ಮತ್ತೆ ತಿರುಗಲು ಶುರು ಮಾಡಿತು.

ಏಳುಕೋಟಿ, ಎಂದಳು ಶಿವಗಂಗವ್ವ, ಕದದ ಆಚೆಗೆ.

ಕೀಲಿ ಕಳಚಿದ ಸದ್ದು. ಕದ ಒಂದು ಗೇಣು ತೆರೆಯಿತು, ಆಮೇಲೆ ಇನ್ನೊಂದು ಗೇಣು, ಒಳಗೆ ಬರಲೋ ಬೇಡವೋ ಎಂದು ಯೋಚಿಸುವವರ ಹಾಗೆ. ಗೂಳಪ್ಪ ಎದ್ದು "ಯಾವಾಕಿಯೇ ಆಕಿ?" ಎಂದು ಅರಚಿ ಕದವನ್ನು ಒದ್ದ. ಉದ್ದಕ್ಕೂ ಖಾಲಿ ಪಡಸಾಲೆ. ಒರೆಸಿ ಎಷ್ಟು ದಿವಸವಾಗಿತ್ತೋ, ನೆಲದ ಮೇಲೆ ಬೆರಳು ದಪ್ಪ ಭಂಡಾರ. ಅದರ ಮೇಲೆ ಇದ್ದ ಹೆಜ್ಜೆಗಳು ಅವನವೇ, ಒಳಗೆ ಬರುವಾಗ ಮೂಡಿದವು. ಹೊರಗೆ ಹೋದ ಹೆಜ್ಜೆ ಒಂದೂ ಇರಲಿಲ್ಲ. ಅವನ ಕೋಪ ಆ ಹೊತ್ತಿನಲ್ಲಿ ಅವನನ್ನು ಬಿಟ್ಟು ಎಲ್ಲಿಗೋ ಹೋಯಿತು. 

ಬೋರ್ಡನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನರ್ಹೆಗೆ ತಂದ. ಅಭಿಲಾಷ ಅದಕ್ಕೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ಐದು ನಿಮಿಷ ನೋಡಿದ. ಮಂಡ್ಯದ ಕಡೆಯವನು, ಇಪ್ಪತ್ತೆಂಟರವನು, ನೋಡುವಾಗ ಪೆನ್ನಿನ ತುದಿ ಕಚ್ಚುವವನು.

"ಕಾರ್ಡ್ ನಂಬರ್ ಖಾಲಿ ಅಲ್ಲ ಗೂಳಪ್ಪ ಅವ್ರೇ. ಸೊನ್ನೆ. ಸಹೀನೂ ಸೊನ್ನೆ. ಕರೆಂಟ್ ಹೋಗಿ ಬಂದ ತಕ್ಷಣ ಪ್ರೋಗ್ರಾಮ್ ಕಾರ್ಡ್ ಜಾಗನ ಒಂದ್ಸಲ ನೋಡುತ್ತೆ. ಕಾರ್ಡ್ ಇಲ್ದೇ ಇದ್ದಾಗ ಅಲ್ಲಿ ಬರೀ ಸೊನ್ನೆ. ಸೊನ್ನೇನ ಎಷ್ಟು ಸಲ ಗುಣಿಸಿದ್ರೂ ಸೊನ್ನೆ, ಶೇಷಾನೂ ಸೊನ್ನೆ. ತಾಳೆ ಆಗ್ಬಿಡುತ್ತೆ! ಅದಕ್ಕೇ ನಾನು ಆ ಚೆಕ್ ಹಾಕಿದ್ದು."

"ಅದನ್ನ ತಗದರ ಪ್ರೋಗ್ರಾಮು ಒದರಬೇಕಿಲ್ಲೇನು?"

"ಒದರಲ್ಲ. ಪಟ್ಟೀಲಿದ್ರೆ ಮಾಡು, ಇಲ್ದಿದ್ರೆ ಮುಂದಕ್ಕೆ ಹೋಗು ಅಂತ ಬರೆದಿರೋದು. ಯಾಕೆ ತೆಗೀಬಾರದು ಅಂತ ಕ್ಲಿಯರ್ ಆಗಿ ಕಾಮೆಂಟ್ ಹಾಕಿದೀನಲ್ಲ, ಓದ್ಲಿಲ್ವಾ? ಮೇಜಿನ ಮೇಲೆ ಟೆಸ್ಟ್ ಮಾಡ್ದಾಗ್ಲೂ ಗೊತ್ತಾಗ್ಲಿಲ್ವಾ?"

ಗೂಳಪ್ಪ ಪೆನ್ನಿನ ಡಬ್ಬಿ ಎತ್ತಿ ಗೋಡೆಗೆ ಒಗೆದ. ಮೂರು ಸಾಲು ಇಂಗ್ಲಿಷಿಗೆ ಅಭಿಲಾಷನ ಏಳು ತಲೆಮಾರನ್ನೂ ತೊಳೆದ. ಆಮೇಲೆ ಬಗ್ಗಿ ಚೆಲ್ಲಿದ ಪೆನ್ನುಗಳನ್ನು ಒಂದೊಂದಾಗಿ ಆಯ್ದ. ಮೇಜಿನ ಮೇಲೆ ಅದು ತಾನಾಗಿ ಕೂಗಿದಾಗ ಚಪ್ಪಲಿ ಬಿಟ್ಟು ಕೈ ಮುಗಿದೆ ಎಂದು ಯಾರಿಗೆ ಹೇಳುವುದು? ಶಿವಗಂಗವ್ವನ ದನಿಗೆ ಜಾಗ ಮಾಡಲಿಕ್ಕೆ ತೆಗೆದ ಸಾಲೇ ಶಿವಗಂಗವ್ವನನ್ನು ತೆಗೆದು ಹಾಕಿತ್ತು. ಲಾಜಿಗೆ ಹೋಗಿ ತಪ್ಪು ತನ್ನದು ಎಂದ. ಮಲಕಪ್ಪ "ಆತು ಬಿಡೋ, ಹೋದಾಕಿ ಹೋದಳು, ಇನ್ನೊಬ್ಬಾಕಿ ಬಂದಾಳ" ಎಂದರು. ಅವಳ ಹೆಸರಿಗೆ ಅಂಟಿದ ಮಸಿ ಹಾಗೆ ಬಿಟ್ಟರೆ ಹೋಗುವಂಥದಲ್ಲ ಎಂದು ಗೂಳಪ್ಪ ಸಾಸವಡಕ್ಕೆ ಹೋದ.

ಸಾಸವಡದ ಹಳೆಯ ದೊಡ್ಡ ವಾಡೆ ಮನೆಯೊಂದರ ಹಿಂದಿನ ಎರಡು ಖೋಲಿಯಲ್ಲಿ ತಾಯಿ ಮಗಳು ಇದ್ದರು. ಮಗಳು ಶೈಲಾ ಹೊಲಿಗೆ ಯಂತ್ರದಿಂದ ಎದ್ದು ಬಂದಳು. ಶಿವಗಂಗವ್ವ ಗೋಡೆಗೆ ಆನಿಕೊಂಡು ಕೂತಿದ್ದಳು. ಗೂಳಪ್ಪ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಸೊನ್ನೆಯನ್ನು ಹೇಳಿದ, ಗೆರೆಯನ್ನು ಹೇಳಿದ. "ತೆರೆದದ್ದು ನಿನ್ನ ಕಾರ್ಡಲ್ಲ ಅಕ್ಕಾ. ಏನೂ ಇಲ್ಲದ್ದಕ್ಕ ತೆರೆದದ. ತಪ್ಪು ನಂದು. ಲಾಜಿಗೆ ಬಾ, ಮೂವತ್ತು ಮಂದಿ ಸಿಗಲಿಕ್ಕಿಲ್ಲ, ಸಿಕ್ಕಷ್ಟು ಮಂದಿ ಮುಂದ ನಿನ್ನ ಕಾಲು ಹಿಡೀತೀನಿ."

ಅವಳು ತುಟಿ ಅಲ್ಲಾಡಿಸಿದಳು. ಒಣ ಎಲೆ ಸರಿದಂಥ ಸದ್ದು ಬಂತು, ಅಷ್ಟೇ.

"ಅವತ್ತಿಂದ ದನಿ ಹೋಗೇದ್ರಿ," ಎಂದಳು ಶೈಲಾ. "ಪುಣೇದಾಗ ದೊಡ್ಡ ಡಾಕ್ಟರ್‌ಗೆ ತೋರಿಸಿದ್ವಿ. ನಳಿಗಿ ಇಳಿಸಿ ನೋಡಿದ್ರು. ಗಂಟಲದಾಗ ಏನೂ ಇಲ್ಲ ಅಂತಾರ."

ಶಿವಗಂಗವ್ವ ಮಗಳ ಕಿವಿಯಲ್ಲಿ ಏನೋ ಉಸುರಿದಳು. ಶೈಲಾ ತಡೆದು ತಡೆದು ಹೇಳಿದಳು: "ಕಾಲು ಬ್ಯಾಡಂತ್ರಿ. ಲಾಜಿನ ಕೆಲಸಾನೂ ಬ್ಯಾಡಂತ. ಪೆಟಗ್ಯಾಗಿಂದು ಆಕಿ ದನಿ ತಿರುಗಿ ಕೊಡಬೇಕಂತ. ಅದು ಅಲ್ಲಿ ಕೂಗೂತನಕ ಇಲ್ಲಿ ಬರೂದಿಲ್ಲಂತ."

ಇಂಥ ಮಾತಿಗೆ ಬೇರೆ ದಿವಸವಾಗಿದ್ದರೆ ಗೂಳಪ್ಪ ನಗುತ್ತಿದ್ದ, ಇಲ್ಲವೇ ಬಯ್ಯುತ್ತಿದ್ದ. ಆವತ್ತು "ತಿಂಗಳೊಳಗ ಕೊಡ್ತೀನಿ" ಎಂದು ಮಾತು ಕೊಟ್ಟು ಬಂದ.

ಪಟ್ಟಿಯಲ್ಲಿ ದನಿಯ ಸಾಲಿಗೆ ಗೆರೆ ಹಾಕಿದ, ತಪಾಸಣೆಯ ಸಾಲಿನ ಗೆರೆ ತೆಗೆದ, ಕಂಪೈಲ್ ಮಾಡಿ ಒಂಬತ್ತನೇ ಖೋಲಿಯ ಬೋರ್ಡಿಗೆ ತುಂಬಿದ. ಮೊಬೈಲಿನಿಂದ ಅಳಿಸಿದ. ಕಂಪ್ಯೂಟರಿನಿಂದ ಅಳಿಸಿದ. ಅಭಿಲಾಷನ ಬೆನ್ನ ಹಿಂದೆ ನಿಂತು ಅವನ ಬ್ಯಾಕಪ್ಪಿನಿಂದಲೂ ಅಳಿಸಿದ. ಉಳಿದದ್ದು ಬುಧವಾರ ಪೇಟೆಗೆ ಕೊಟ್ಟ ಇಪ್ಪತ್ತು ಬೋರ್ಡು. ಅಂಗಡಿಯಲ್ಲಿ ಮಾರದೆ ಉಳಿದವು ಎಂಟು, ಅವನ್ನು ತಂದ. ಫೋನ್ ನಂಬರು ಕೊಟ್ಟು ಒಯ್ದವರು ಏಳು ಮಂದಿ. ಹಡಪಸರ, ವಾರಜೆ, ಒಂದು ರಾಂಜಣಗಾಂವದ ತನಕ ಹೋಗಿ, ಕೈಕಾಲು ಬಿದ್ದು ಬದಲಿಸಿ ಕೊಟ್ಟ. ಎಲ್ಲ ಮನೆಯವರದೂ ಒಂದೇ ಮಾತು: ಕರೆಂಟು ಹೋಗಿ ಬಂದಾಗ ಬಾಗಿಲು ತಾನಾಗಿ ತೆರೆಯುತ್ತದೆ, ದೇವರು ಬಂದು ಹೋಗುತ್ತಾನೆ. ರಾಂಜಣಗಾಂವದ ಮುದುಕಿ ಬಾಗಿಲೊಳಗೆ ರಂಗೋಲಿ ಹಾಕಿ ತಟ್ಟೆ ಇಟ್ಟಿದ್ದಳು. ಬದಲಿಸಿದ್ದಕ್ಕೆ ಅವಳು ಅತ್ತಳು. ಇನ್ನು ನಾಲ್ಕನ್ನು ಅವರಿವರನ್ನು ಕೇಳಿ ಹುಡುಕಿದ. ಒಂದೊಂದು ಬೋರ್ಡು ಅಳಿಸಿದಾಗಲೂ ಶೈಲಾಗೆ ಫೋನು ಮಾಡುತ್ತಿದ್ದ. ಹನ್ನೆರಡನೆಯದಕ್ಕೆ ತಾಯಿ ಒಂದು ಸಲ ಕೆಮ್ಮಿದಳು, ಕೆಮ್ಮಿನಲ್ಲಿ ದನಿ ಇತ್ತು ಎಂದಳು ಶೈಲಾ. ಹತ್ತೊಂಬತ್ತನೆಯದಕ್ಕೆ, ನಿದ್ದೆಗಣ್ಣಿನಲ್ಲಿ "ಏಳು" ಎಂದಳಂತೆ, ಅರ್ಧ ಮಾತು.

ಇಪ್ಪತ್ತನೆಯದು ಸಿಗಲಿಲ್ಲ. ಯಾರೋ ಒಬ್ಬ ನಿಂತ ಕಾಲ ಮೇಲೆ ಕೊಂಡು ಒಯ್ದಿದ್ದಾನೆ. ಹೆಸರಿಲ್ಲ, ನಂಬರಿಲ್ಲ, ಪುಣೆಯವನೋ ಹೊರಗಿನವನೋ ಅಂಗಡಿಯವನಿಗೆ ನೆನಪಿಲ್ಲ. ತಿಂಗಳು ಹೋಗಿ ಹತ್ತು ತಿಂಗಳಾಯಿತು. ಕರೆಂಟು ಹೋಗಿ ಬಂದರೆ ಗೂಳಪ್ಪ ಎಲ್ಲಿದ್ದರೂ ಮಾತು ನಿಲ್ಲಿಸುತ್ತಾನೆ; ಓಣಿಯ ಯಾವ ಮನೆಯಿಂದಾದರೂ ಆ ಕಂಚಿನ ದನಿ ಬರುತ್ತದೋ ಎಂದು ಕಿವಿ ನಿಮಿರಿಸಿ ನಿಲ್ಲುತ್ತಾನೆ. ಜೇಜುರಿಯ ಕೆಲಸಕ್ಕೆ ಹೋಗುವಾಗ ಬಸ್ಸು ಸಾಸವಡದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅವನು ಇಳಿಯುವುದಿಲ್ಲ. ವಾಡೆ ಕಾಣುವ ಕಿಟಕಿ ಬಿಟ್ಟು ಆಚೆ ಬದಿಗೆ ಕೂರುತ್ತಾನೆ. "ಏಳು" ಎಂಬುದರ ಮುಂದಿನ ಅರ್ಧ ಮಾತನ್ನು ಅವನು ಅವಳಿಗೆ ಇನ್ನೂ ತಿರುಗಿ ಕೊಡಬೇಕಾಗಿದೆ.